ಪರಿಮಾಣದ ಪ್ರಶ್ನೆ: ವೃದ್ಧಿಸಂಕೋಚ, ಸಂಕ್ರಮಣ ಮತ್ತು ಶ್ರಾವಕವ್ರತ

ಪಶ್ಚಿಮ ರಾಷ್ಟ್ರಗಳ ಆರ್ಥಿಕ ಚಿಂತನೆಯಲ್ಲಿ ಇದುವರೆಗೆ ಬೇರೆ ಬೇರೆಯಾಗಿ ಹರಿಯುತ್ತಿದ್ದ ಎರಡು ಧಾರೆಗಳು ಈಚಿನ ವರ್ಷಗಳಲ್ಲಿ ಒಂದನ್ನೊಂದು ಸಮೀಪಿಸುತ್ತಿವೆ. ಉತ್ಪಾದನೆ ಮತ್ತು ಉಪಭೋಗಗಳನ್ನು ಬುದ್ಧಿಪೂರ್ವಕವಾಗಿ ಇಳಿಸಬೇಕೆನ್ನುವ 'ಡಿಗ್ರೋತ್' ವಾದ ಮೊದಲನೆಯದು. ಒಂದು ಸಮಾಜ ತನ್ನ ಹಳೆಯ ಯಂತ್ರ, ಇಂಧನ, ರೂಢಿಗಳನ್ನು ಬಿಟ್ಟು ಸುಸ್ಥಿರ ವ್ಯವಸ್ಥೆಗೆ ಯಾವ ಕ್ರಮದಲ್ಲಿ ದಾಟುತ್ತದೆ ಎಂಬುದನ್ನು ವಿವರಿಸುವ 'ಸಂಕ್ರಮಣ ಸಿದ್ಧಾಂತ' ಎರಡನೆಯದು. ಮೊದಲನೆಯದನ್ನು ಕನ್ನಡದಲ್ಲಿ 'ವೃದ್ಧಿಸಂಕೋಚ' ಎನ್ನಬಹುದು. ಸಂಕೋಚವೆಂಬ ಮಾತಿಗೆ ಕನ್ನಡದಲ್ಲಿ ಹಿಂಜರಿಕೆ, ನಾಚಿಕೆ ಎಂಬ ಅರ್ಥಗಳೂ ಇರುವುದರಿಂದ, ಬೇಕಾದುದಕ್ಕಿಂತ ಹೆಚ್ಚನ್ನು ಬಾಚಿಕೊಳ್ಳಲು ನಾಚುವ ಮನೋಧರ್ಮವನ್ನೂ ಈ ಪದ ಸೂಚಿಸುತ್ತದೆ. ಈ ಎರಡು ಧಾರೆಗಳ ನಡುವೆ ಜೈನ ವಿಚಾರಗೋಷ್ಠಿಗಳಲ್ಲಿ ಮೂರನೆಯ ಮಾತೊಂದು ಮೇಲಿಂದ ಮೇಲೆ ಕೇಳಿಬರುತ್ತದೆ: ಪಶ್ಚಿಮದವರು ಇಂದು ಹೇಳುತ್ತಿರುವುದನ್ನು ಭಗವಾನ್ ಮಹಾವೀರರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಅಪರಿಗ್ರಹವೆಂದು ಉಪದೇಶಿಸಿದ್ದರು ಎಂಬುದು. ಇದು ಕೇಳಲು ಹಿತವಾದ ಮಾತು. ಇದರ ಸತ್ಯಾಸತ್ಯತೆಯನ್ನು ಪರೀಕ್ಷಿಸಲು ಬಳ್ಳಾರಿಗಿಂತ ಕಠಿಣವಾದ ಒರೆಗಲ್ಲು ಕರ್ನಾಟಕದಲ್ಲಿ ದೊರೆಯುವುದು ವಿರಳ.

ವೃದ್ಧಿಸಂಕೋಚದ ಹುಟ್ಟು 1970ರ ದಶಕದ ಆದಿಭಾಗದ್ದು. ರುಮೇನಿಯಾ ಮೂಲದ ಅರ್ಥಶಾಸ್ತ್ರಜ್ಞ ನಿಕೊಲಸ್ ಜಾರ್ಜೆಸ್ಕು-ರೋಗನ್ ಅವರು 1971ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ, ಆರ್ಥಿಕ ಕ್ರಿಯೆಯೆಂಬುದು ಉಪಯುಕ್ತ ದ್ರವ್ಯವನ್ನೂ ಶಕ್ತಿಯನ್ನೂ ಮರಳಿ ಪಡೆಯಲಾಗದ ತ್ಯಾಜ್ಯವಾಗಿ ಪರಿವರ್ತಿಸುವ ಏಕಮುಖ ಪ್ರವಾಹವೆಂದು ಪ್ರತಿಪಾದಿಸಿದರು. ಮರುವರ್ಷ 'ಬೆಳವಣಿಗೆಯ ಮಿತಿಗಳು' ಎಂಬ ವರದಿ ಹೊರಬಂದಿತು. ಅದೇ 1972ರಲ್ಲಿ ಫ್ರಾನ್ಸಿನ ಆಂದ್ರೆ ಗೋರ್ಜ್ ಅವರು 'ದೆಕ್ರ್ವಾಸಾಂಸ್' ಎಂಬ ಪದವನ್ನು ಈ ಅರ್ಥದಲ್ಲಿ ಬಳಸಿದರು. ಮುಂದೆ ಸರ್ಜ್ ಲಾತೂಷ್ ಅವರ ಬರವಣಿಗೆಯಿಂದ ಅದು ಒಂದು ಚಳವಳಿಯ ಹೆಸರಾಯಿತು. 2008ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮೌಲ್ಯಗಳ ಮರುವಿಮರ್ಶೆಯಿಂದ ಆರಂಭವಾಗಿ ಮರುಹಂಚಿಕೆ, ಸ್ಥಳೀಕರಣ, ಇಳಿಕೆ, ಮರುಬಳಕೆಗಳವರೆಗೆ ಸಾಗುವ ಎಂಟು ಸೂತ್ರಗಳ ಕಾರ್ಯಕ್ರಮವನ್ನು ಲಾತೂಷ್ ಮಂಡಿಸಿದ್ದಾರೆ. ಭಾರತದಲ್ಲಿ ಜೆ. ಸಿ. ಕುಮಾರಪ್ಪನವರು 'ಶಾಶ್ವತತೆಯ ಅರ್ಥವ್ಯವಸ್ಥೆ'ಯನ್ನು ಕುರಿತು 1940ರ ದಶಕದಲ್ಲಿಯೇ ಬರೆದಿದ್ದರೂ, ಈ ಚರ್ಚೆಗಳಲ್ಲಿ ಅವರ ಹೆಸರು ಬರಬೇಕಾದಷ್ಟು ಬರುವುದಿಲ್ಲ.

ಸಂಕ್ರಮಣ ಸಿದ್ಧಾಂತದ ನೆಲೆ ಮುಖ್ಯವಾಗಿ ನೆದರ್‌ಲ್ಯಾಂಡ್ಸ್. 2001ರಲ್ಲಿ ಆ ದೇಶ ತನ್ನ ನಾಲ್ಕನೆಯ ರಾಷ್ಟ್ರೀಯ ಪರಿಸರ ನೀತಿ ಯೋಜನೆಯಲ್ಲಿ ಸಂಕ್ರಮಣದ ಪರಿಭಾಷೆಯನ್ನು ಅಂಗೀಕರಿಸಿತು. ಯಾನ್ ರಾಟ್‌ಮನ್ಸ್, ರೆನೆ ಕೆಂಪ್ ಮೊದಲಾದವರು 'ಸಂಕ್ರಮಣ ನಿರ್ವಹಣೆ'ಯನ್ನು ರೂಪಿಸಿದರು. ಫ್ರಾಂಕ್ ಗೀಲ್ಸ್ ಅವರು 2002ರಲ್ಲಿ ಹಾಯಿಹಡಗುಗಳಿಂದ ಉಗಿಹಡಗುಗಳಿಗೆ ನಡೆದ ಬದಲಾವಣೆಯನ್ನು ದೃಷ್ಟಾಂತವಾಗಿ ತೆಗೆದುಕೊಂಡು ಮೂರು ಸ್ತರಗಳ ಚಿತ್ರವೊಂದನ್ನು ಬಿಡಿಸಿದರು. ಹೊಸ ಪ್ರಯೋಗಗಳು ರಕ್ಷಣೆಯಲ್ಲಿ ಮೊಳೆಯುವ ಸಣ್ಣ ಮಡಿಗಳು ಕೆಳಗಿನ ಸ್ತರ. ಯಂತ್ರ, ಕಾನೂನು, ಮಾರುಕಟ್ಟೆ, ಅಭ್ಯಾಸಗಳು ಪರಸ್ಪರ ಹೆಣೆದುಕೊಂಡ ಪ್ರಚಲಿತ ವ್ಯವಸ್ಥೆ ನಡುವಿನದು. ಯುದ್ಧ, ಜಾಗತಿಕ ಬೆಲೆ, ಹವಾಮಾನದಂತಹ ಯಾರ ಕೈಗೂ ಸಿಗದ ಹಿನ್ನೆಲೆ ಮೇಲಿನದು. ಮೇಲಿನಿಂದ ಒತ್ತಡ ಬಿದ್ದು ನಡುವಿನ ವ್ಯವಸ್ಥೆ ಬಿರುಕು ಬಿಟ್ಟಾಗ ಮಡಿಯಲ್ಲಿ ಬೆಳೆದ ಸಸಿ ಹೊಲಕ್ಕೆ ನಾಟಿಯಾಗುತ್ತದೆ ಎಂಬುದು ಅದರ ಸಾರ.

ಈ ಎರಡು ಸಿದ್ಧಾಂತಗಳ ಬಲ ಎಲ್ಲಿದೆಯೋ ಅಲ್ಲಿಯೇ ಕೊರತೆಯೂ ಇದೆ. ವೃದ್ಧಿಸಂಕೋಚವಾದಿಗಳು 'ಎಷ್ಟು' ಎಂದು ಕೇಳುತ್ತಾರೆ. ಆದರೆ ಅಲ್ಲಿಗೆ ತಲುಪುವ ದಾರಿಯಲ್ಲಿ ಯಾರು ಮೊದಲು ಹೆಜ್ಜೆ ಇಡಬೇಕು, ಎರಡನೆಯ ಹೆಜ್ಜೆ ಯಾವುದು ಎಂಬಲ್ಲಿ ಅವರ ಮಾತು ಅಸ್ಪಷ್ಟವಾಗುತ್ತದೆ. ಸಂಕ್ರಮಣವಾದಿಗಳು 'ಹೇಗೆ' ಎಂಬುದನ್ನು ಸೂಕ್ಷ್ಮವಾಗಿ ಬಲ್ಲರು; ಆದರೆ ಅವರ ಕಥೆಗಳೆಲ್ಲ ಹೊಸದರ ಉದಯದ ಕಥೆಗಳು. ಹಾಯಿಯ ಬದಲಿಗೆ ಉಗಿ ಬಂದಿತು ಎನ್ನುತ್ತಾರೆ. ಉಗಿ ಬಂದಮೇಲೆ ಸಮುದ್ರದ ಮೇಲೆ ಸಾಗಿದ ಸರಕು ಎಷ್ಟು ಪಟ್ಟು ಹೆಚ್ಚಿತೆಂಬುದು ಅವರಿಗೆ ಮುಖ್ಯವಾಗುವುದಿಲ್ಲ. ಹಳೆಯದನ್ನು ಬಿಡುವ ವಿದ್ಯೆಯ ಕಡೆಗೆ ಆ ಶಾಸ್ತ್ರ ತಿರುಗಿರುವುದು ಈಚೆಗೆ ಮಾತ್ರ. ಆದುದರಿಂದಲೇ ಎರಡನ್ನೂ ಜೋಡಿಸುವ ಯತ್ನಗಳು ಸ್ವಾಗತಾರ್ಹ. ಆದರೆ ಅವುಗಳಲ್ಲಿ ಬಹುತೇಕ ಯತ್ನಗಳು ಎರಡು ಪರಿಭಾಷೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಹೋಲಿಸುವುದರಲ್ಲಿಯೇ ದಣಿಯುತ್ತವೆ.

ಜೈನರ ಕಡೆಯಿಂದ ಬಂದ ಪ್ರತಿಪಾದನೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು, 1990ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಜಕುಮಾರ ಫಿಲಿಪ್ಪರಿಗೆ ಸಮರ್ಪಿತವಾದ, ಡಾ. ಎಲ್. ಎಂ. ಸಿಂಘ್ವಿಯವರು ರಚಿಸಿದ 'ಪ್ರಕೃತಿಯನ್ನು ಕುರಿತ ಜೈನ ಘೋಷಣೆ'. ಅಹಿಂಸೆ, ಪರಸ್ಪರಾವಲಂಬನೆ, ಅನೇಕಾಂತ, ಸಮತ್ವ, ಜೀವದಯೆಗಳನ್ನು ಜಗತ್ತಿನ ಭಾಷೆಯಲ್ಲಿ ನಿರೂಪಿಸಿದ ಆ ಲೇಖನಕ್ಕೆ ತನ್ನದೇ ಆದ ಐತಿಹಾಸಿಕ ಸ್ಥಾನವಿದೆ. ಆದರೆ ಅದನ್ನು ಓದಿ ಮುಗಿಸಿದ ಗೃಹಸ್ಥನಿಗೆ ತನ್ನ ಅಂಗಡಿಯಲ್ಲಿ, ತನ್ನ ಹೂಡಿಕೆಯಲ್ಲಿ, ತನ್ನ ಮನೆಯ ವಿಸ್ತೀರ್ಣದಲ್ಲಿ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ತಿಳಿಯುವುದಿಲ್ಲ. ಜೈನಾಚಾರವು ಇತರ ನೀತಿಬೋಧೆಗಳಿಂದ ಭಿನ್ನವಾಗುವುದು ಉದಾತ್ತ ಆಶಯದಿಂದಲ್ಲ. ಉದಾತ್ತ ಆಶಯ ಎಲ್ಲ ಧರ್ಮಗಳಲ್ಲಿಯೂ ಉಂಟು. ಅದು ಭಿನ್ನವಾಗುವುದು ಲೆಕ್ಕದಿಂದ. ಶ್ರಾವಕನ ಐದನೆಯ ಅಣುವ್ರತದ ಹೆಸರು ಬರಿಯ ಅಪರಿಗ್ರಹವಲ್ಲ, ಪರಿಗ್ರಹ-ಪರಿಮಾಣ. ಹೊಲ ಮತ್ತು ಮನೆ, ಬೆಳ್ಳಿ ಮತ್ತು ಬಂಗಾರ, ಧನ ಮತ್ತು ಧಾನ್ಯ, ದಾಸದಾಸಿಯರು, ಪಾತ್ರೆವಸ್ತ್ರಾದಿಗಳು ಎಂದು ಐದು ಜೋಡಿ ವಿಭಾಗಗಳಲ್ಲಿ ಸಂಖ್ಯೆ ಹೇಳಿ ಗೆರೆ ಎಳೆಯುವುದೇ ಆ ವ್ರತ.

ಇಲ್ಲಿ ವಿಮರ್ಶೆ ಪ್ರಾಮಾಣಿಕವಾಗಿರಬೇಕಾದರೆ ಒಂದು ಅಹಿತಕರ ಸಂಗತಿಯನ್ನು ಎದುರಿಸಬೇಕಾಗುತ್ತದೆ. ಶ್ವೇತಾಂಬರ ಆಗಮಗಳಲ್ಲಿ ಒಂದಾದ 'ಉಪಾಸಕದಶಾಂಗ'ದಲ್ಲಿ ಬರುವ ಆನಂದ ಶ್ರಾವಕನು ಪರಿಗ್ರಹ-ಪರಿಮಾಣದ ಆದರ್ಶ ಪುರುಷ. ವಾಣಿಜ್ಯಗ್ರಾಮದ ಆ ಗೃಹಪತಿ ಭಗವಾನರ ಸನ್ನಿಧಿಯಲ್ಲಿ ವ್ರತ ಸ್ವೀಕರಿಸಿದಾಗ ಇಟ್ಟುಕೊಂಡುದು ಕಡಿಮೆಯೇನಲ್ಲ. ನಿಧಿಯಲ್ಲಿ ನಾಲ್ಕು ಕೋಟಿ, ವ್ಯಾಪಾರದಲ್ಲಿ ನಾಲ್ಕು ಕೋಟಿ, ಗೃಹದಲ್ಲಿ ನಾಲ್ಕು ಕೋಟಿ ಸುವರ್ಣ. ಹತ್ತು ಸಾವಿರ ದನಗಳ ನಾಲ್ಕು ಹಿಂಡು. ಅವನಲ್ಲಿ ಆಗ ಇದ್ದುದೇ ಅಷ್ಟು. ಅಂದರೆ ಅವನು ಇಳಿಸಲಿಲ್ಲ, ನಿಲ್ಲಿಸಿದನು. ಮೈ ಒರೆಸುವ ವಸ್ತ್ರದಿಂದ ಹಲ್ಲುಜ್ಜುವ ಕಡ್ಡಿಯವರೆಗೆ ಉಪಭೋಗದ ವಸ್ತುಗಳಿಗೂ ಮಿತಿ ಹಾಕಿಕೊಂಡನು, ನಿಜ. ಆದರೆ ಆಸ್ತಿಯ ವಿಷಯದಲ್ಲಿ ಅವನ ವ್ರತ ಅರ್ಥಶಾಸ್ತ್ರಜ್ಞ ಹರ್ಮನ್ ಡೇಲಿಯವರು ಹೇಳಿದ 'ಸ್ಥಿರಸ್ಥಿತಿಯ ಅರ್ಥವ್ಯವಸ್ಥೆ'ಗೆ ಹತ್ತಿರವಾದುದೇ ಹೊರತು ವೃದ್ಧಿಸಂಕೋಚಕ್ಕೆ ಅಲ್ಲ. ಲಾತೂಷರ ಶಿಷ್ಯನೊಬ್ಬನು ಆನಂದನ ದನಗಳ ಹಿಂಡನ್ನು ಕಂಡು ಸಂತೋಷಪಡುವನೆಂದು ನಂಬಲು ಕಾರಣವಿಲ್ಲ. ಅಪರಿಗ್ರಹವೆಂದರೆ ಡಿಗ್ರೋತ್ ಎಂಬ ಗೋಷ್ಠಿಯ ಮಾತು ಮೊದಲು ಎಡವುವುದು ಇಲ್ಲಿಯೇ.

ಇನ್ನು ಬಳ್ಳಾರಿಯ ವಿಚಾರ. ಸಂಡೂರಿನ ಬೆಟ್ಟಸಾಲಿನ ಕಬ್ಬಿಣದ ಅದಿರು ಹೊಸದಲ್ಲ. ಅದರ ಮೇಲೆ ಎರಗಿದ ವೇಗ ಹೊಸದು. ಚೀನಾದ ಉಕ್ಕಿನ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿದ ಕಾಲದಲ್ಲಿಯೇ, 2003ರಲ್ಲಿ, ರಾಜ್ಯ ಸರ್ಕಾರವು ಮೀಸಲಿಟ್ಟಿದ್ದ ಖನಿಜ ಪ್ರದೇಶಗಳನ್ನು ಖಾಸಗಿಯವರಿಗೆ ತೆರೆಯಿತು. ಮುಂದಿನ ಕೆಲವು ವರ್ಷಗಳಲ್ಲಿ ಏನಾಯಿತೆಂಬುದನ್ನು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ 2008 ಮತ್ತು 2011ರ ವರದಿಗಳು ದಾಖಲಿಸಿವೆ. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರುಗಳಿಗೂ ನಿಷೇಧ ವಿಸ್ತರಿಸಿತು. ಸಾರ್ವಜನಿಕ ಕ್ಷೇತ್ರದ ಎನ್‌ಎಂಡಿಸಿಗೆ ಮಾತ್ರ ಮಿತವಾಗಿ ತೆಗೆಯಲು ಅವಕಾಶವಿತ್ತು. ಉಲ್ಲಂಘನೆಯ ಪ್ರಮಾಣವನ್ನು ನೋಡಿ ಗಣಿಗುತ್ತಿಗೆಗಳನ್ನು 'ಎ', 'ಬಿ', 'ಸಿ' ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನೊಡನೆ 'ಸಿ' ವರ್ಗದವು ರದ್ದಾದವು. ಉಳಿದವುಗಳಿಗೆ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಅದಿರಿನ ಮಾರಾಟ ವಿದ್ಯುನ್ಮಾನ ಹರಾಜಿನ ಮೂಲಕ ನಡೆಯಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಸಂಖ್ಯೆ ನಿಗದಿಯಾಯಿತು: ವರ್ಷಕ್ಕೆ ಬಳ್ಳಾರಿಗೆ 25 ದಶಲಕ್ಷ ಟನ್, ಚಿತ್ರದುರ್ಗ-ತುಮಕೂರುಗಳಿಗೆ ಕೂಡಿ 5 ದಶಲಕ್ಷ ಟನ್. ಪರಿಸರದ ಧಾರಣಶಕ್ತಿ, ರಸ್ತೆ-ಸಾಗಾಟದ ಸಾಮರ್ಥ್ಯ, ಮುಂದಿನ ಪೀಳಿಗೆಯ ಪಾಲು ಇವು ಆ ಸಂಖ್ಯೆಯ ಹಿಂದಿದ್ದ ವಿಚಾರಗಳು. ಶ್ರಾವಕಾಚಾರದ ಭಾಷೆಯಲ್ಲಿ ಇದನ್ನು ಪರಿಮಾಣವೆನ್ನದೆ ಬೇರೆ ಏನೆನ್ನುವುದು?

2011ರ ನಿಲುಗಡೆಯನ್ನು ವೃದ್ಧಿಸಂಕೋಚವೆಂದು ಕರೆಯುವುದು ತಪ್ಪು. ಲಾರಿಗಳು ಸಾಲುಗಟ್ಟಿ ನಿಂತವು. ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾರದೆ ಹೋದರು. ಚಾಲಕರು, ಕ್ಲೀನರುಗಳು, ಅದಿರು ತುಂಬುವ ಕೂಲಿಗಳು, ದಾರಿಬದಿಯ ಹೋಟೆಲಿನವರು ಏಕಕಾಲಕ್ಕೆ ಬರಿಗೈಯಾದರು. ಗಳಿಸಿ ಹೊರಟವರಿಗೆ ಅಷ್ಟು ನೋವಾಗಲಿಲ್ಲ. ಯೋಜಿತವಾಗಿ, ಸಮನಾಗಿ ಹಂಚಿಕೊಂಡು, ಜನರ ಒಪ್ಪಿಗೆಯಿಂದ ಇಳಿಯುವುದೇ ವೃದ್ಧಿಸಂಕೋಚ. ಬಲಾತ್ಕಾರದ ಕುಸಿತ ಅದಲ್ಲವೆಂದು ಆ ಪಂಥದ ಲೇಖಕರೇ ಒತ್ತಿ ಹೇಳುತ್ತಾರೆ. ಈ ಭೇದ ಜೈನ ಓದುಗರಿಗೆ ಸುಪರಿಚಿತ. ತಾನಾಗಿ ಕೈಗೊಂಡ ಅನಶನ ತಪಸ್ಸು. ಅನ್ನ ಸಿಗದೆ ಮಲಗುವುದು ಹಸಿವು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ತರಹ ಕಾಣುತ್ತವೆ.

ಸಂಕ್ರಮಣ ಸಿದ್ಧಾಂತದ ಕನ್ನಡಕದಿಂದ ನೋಡಿದರೆ ಬಳ್ಳಾರಿಯ ಕಥೆ ಬಹು ಚೊಕ್ಕವಾಗಿ ಹೊಂದಿಕೊಳ್ಳುತ್ತದೆ. ಆ ಚೊಕ್ಕತನವೇ ಸಂದೇಹಾಸ್ಪದ. ಜಾಗತಿಕ ಬೆಲೆ ಮೇಲಿನ ಸ್ತರ. ಗುತ್ತಿಗೆ, ಪರವಾನಗಿ, ಲಾರಿ, ಬಂದರು, ರಾಜಕಾರಣಗಳ ಹೆಣಿಗೆ ನಡುವಿನ ಸ್ತರ. ನ್ಯಾಯಾಲಯದ ಆದೇಶ ಮೇಲಿನಿಂದ ಬಿದ್ದ ಆಘಾತ. ಗೀಲ್ಸ್ ಮತ್ತು ಯೋಹಾನ್ ಸ್ಕಾಟ್ ಅವರು 2007ರಲ್ಲಿ ಸಂಕ್ರಮಣದ ಮಾರ್ಗಗಳನ್ನು ವರ್ಗೀಕರಿಸಿದಾಗ, ಹಳೆಯ ವ್ಯವಸ್ಥೆಯೇ ಒತ್ತಡಕ್ಕೆ ಮಣಿದು ತನ್ನ ದಿಕ್ಕನ್ನು ಬದಲಿಸಿಕೊಳ್ಳುವುದನ್ನೂ ಒಂದು ಮಾರ್ಗವೆಂದು ಎಣಿಸಿದರು. ಬಳ್ಳಾರಿ ಆ ಮಾರ್ಗದ ಉದಾಹರಣೆಯೆಂದು ಪಾಠ ಹೇಳಬಹುದು: ಅಕ್ರಮ ಸಕ್ರಮಕ್ಕೆ ಎಡೆಗೊಟ್ಟಿತು, ಕಳ್ಳಸಾಗಣೆಯ ಬದಲಿಗೆ ಹರಾಜು ಬಂದಿತು, ಗುಡ್ಡದ ಬುಡದಲ್ಲಿ ಹೂಳು ತಡೆಯುವ ಒಡ್ಡುಗಳು ಎದ್ದವು. ಇವೆಲ್ಲವೂ ನಿಜವಾದ ಸುಧಾರಣೆಗಳು. ಅವುಗಳನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಆ ಕನ್ನಡಕದಲ್ಲಿ ಕಾಣದೆ ಹೋಗುವುದು ಸಂಖ್ಯೆ. 25 ಆಗಿದ್ದ ಬಳ್ಳಾರಿಯ ಮಿತಿ 2017ರ ಡಿಸೆಂಬರ್‌ನಲ್ಲಿ 28 ದಶಲಕ್ಷ ಟನ್ನಿಗೆ ಏರಿತು. 2022ರ ಆಗಸ್ಟ್‌ನಲ್ಲಿ 35ಕ್ಕೆ ಏರಿತು. ಉಳಿದೆರಡು ಜಿಲ್ಲೆಗಳ 5 ಮೊದಲು 7, ಆಮೇಲೆ 15 ಆಯಿತು. ಮೂರು ಜಿಲ್ಲೆಗಳ ಒಟ್ಟು ಮಿತಿ ಒಂಬತ್ತು ವರ್ಷಗಳಲ್ಲಿ 30ರಿಂದ 50ಕ್ಕೆ ತಲುಪಿತು. ಅದೇ 2022ರಲ್ಲಿ ಹರಾಜಿನ ಕಡ್ಡಾಯವೂ ರಫ್ತಿನ ನಿಷೇಧವೂ ಸಡಿಲಗೊಂಡವು. ಪ್ರತಿಯೊಂದು ಏರಿಕೆಗೂ ಕಾರಣಗಳಿದ್ದವು, ಅವು ನ್ಯಾಯಾಲಯದ ಮುಂದೆ ವಿಚಾರಣೆಗೆ ಬಂದಂಥವು. ಆದರೂ ಗೆರೆ ಒಂದೇ ದಿಕ್ಕಿಗೆ ಸರಿಯುತ್ತ ಹೋಯಿತೆಂಬುದು ಉಳಿಯುತ್ತದೆ.

ಶ್ರಾವಕವ್ರತಗಳ ರಚನೆಯಲ್ಲಿ ಗೆರೆ ಸರಿಯುವ ದಿಕ್ಕನ್ನು ಕುರಿತ ಒಂದು ಅಪೂರ್ವವಾದ ವ್ಯವಸ್ಥೆ ಉಂಟು. ಗೋಷ್ಠಿಗಳಲ್ಲಿ ಅದರ ಪ್ರಸ್ತಾಪ ಬಂದುದು ಕಡಿಮೆ. ದಿಗ್ವ್ರತದಲ್ಲಿ ಗೃಹಸ್ಥನು ತಾನು ಹತ್ತು ದಿಕ್ಕುಗಳಲ್ಲಿ ಎಷ್ಟು ದೂರ ಹೋಗುವೆನು, ವ್ಯವಹರಿಸುವೆನು ಎಂದು ಜೀವಾವಧಿಗೆ ಗೆರೆ ಎಳೆದುಕೊಳ್ಳುತ್ತಾನೆ. (ನಮ್ಮ ಪೂರ್ವಿಕರೆಲ್ಲ ಇದನ್ನು ಬಿಗಿಯಾಗಿ ಪಾಲಿಸಿದ್ದರೆ ಮಾರವಾಡದಿಂದ ಬ್ರೂಸ್‌ಪೇಟೆಯವರೆಗೆ ಅಂಗಡಿಗಳು ಬರುತ್ತಿರಲಿಲ್ಲವೆಂದು ಯಾರಾದರೂ ನಕ್ಕರೆ ಆಕ್ಷೇಪಿಸುವಂತಿಲ್ಲ.) ದೇಶಾವಕಾಶಿಕ ವ್ರತದಲ್ಲಿ ಅದೇ ಗೆರೆಯನ್ನು ಒಂದು ದಿನಕ್ಕೆ, ಒಂದು ಪಕ್ಷಕ್ಕೆ, ಒಂದು ಚಾತುರ್ಮಾಸಕ್ಕೆ ಮತ್ತಷ್ಟು ಕಿರಿದುಗೊಳಿಸುತ್ತಾನೆ. ಎರಡನೆಯ ವ್ರತಕ್ಕೆ ಮೊದಲನೆಯದನ್ನು ಹಿಗ್ಗಿಸುವ ಅಧಿಕಾರವಿಲ್ಲ. ಅನೇಕ ಮನೆಗಳಲ್ಲಿ ಹಿರಿಯರು ಪ್ರತಿ ಮುಂಜಾನೆ ಧರಿಸುವ ಹದಿನಾಲ್ಕು ನಿಯಮಗಳೂ ಇದೇ ಜಾತಿಯವು: ಇಂದು ಇಷ್ಟು ಪದಾರ್ಥ, ಇಷ್ಟು ವಾಹನ, ಇಷ್ಟು ದೂರ. ಮರುಪರಿಶೀಲನೆ ನಿತ್ಯವೂ ನಡೆಯುತ್ತದೆ, ಆದರೆ ಪರಿಶೀಲನೆಯೆಂದರೆ ಸಂಕೋಚನವೆಂದೇ ಅರ್ಥ. ಆನಂದ ಶ್ರಾವಕನ ಕಥೆಯನ್ನು ಅವನ ಕೋಟಿಗಳಲ್ಲಿಯೇ ನಿಲ್ಲಿಸಿ ಓದಿದವರಿಗೆ ಇದು ತಪ್ಪಿಹೋಗುತ್ತದೆ. ಮೊದಲ ಗೆರೆ ಎಷ್ಟೇ ಉದಾರವಾಗಿರಲಿ, ಮುಂದಿನ ಗೆರೆಗಳೆಲ್ಲ ಅದರ ಒಳಗೇ ಬೀಳಬೇಕು. ಆನಂದನೂ ಕೊನೆಗೆ ಗೃಹಭಾರವನ್ನು ಹಿರಿಯ ಮಗನಿಗೆ ಒಪ್ಪಿಸಿ ಪೌಷಧಶಾಲೆಯನ್ನು ಸೇರಿದನು. ಗ್ರೀಸಿನ ಅರ್ಥಶಾಸ್ತ್ರಜ್ಞ ಯೋರ್ಗೋಸ್ ಕಾಲಿಸ್ ಅವರು 2019ರಲ್ಲಿ ಮಿತಿಗಳನ್ನು ಕುರಿತು ಬರೆದ ಪುಸ್ತಕದಲ್ಲಿ, ಮಿತಿ ಪ್ರಕೃತಿ ಹೇರುವ ಕೊರತೆಯಲ್ಲ, ಸಮಾಜ ತನಗೆ ತಾನೇ ಆರಿಸಿಕೊಳ್ಳುವ ಸ್ವಯಂಮಿತಿ ಎಂದು ವಾದಿಸಿದ್ದಾರೆ; ಅದಕ್ಕೆ ಅವರು ಪ್ರಾಚೀನ ಗ್ರೀಕರ ಕಡೆಗೆ ತಿರುಗುತ್ತಾರೆ. ವಾದ ಸತ್ವಯುತವಾದುದು. ಆದರೆ ಸ್ವಯಂಮಿತಿಯನ್ನು ಸ್ವಯಂ ಸಡಿಲಿಸಿಕೊಳ್ಳದಂತೆ ತಡೆಯುವುದು ಯಾವುದು ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಉತ್ತರ ದೇಶಾವಕಾಶಿಕದಷ್ಟು ಖಚಿತವಲ್ಲ.

ಗೆರೆಯನ್ನು ದಾಟದೆಯೇ ದಾಟುವ ಉಪಾಯಗಳನ್ನೂ ಆಚಾರ್ಯರು ಬಲ್ಲವರಾಗಿದ್ದರು. ಹನ್ನೆರಡನೆಯ ಶತಮಾನದ ಆಚಾರ್ಯ ಹೇಮಚಂದ್ರರು 'ಯೋಗಶಾಸ್ತ್ರ'ದಲ್ಲಿ ಐದನೆಯ ವ್ರತದ ಅತಿಚಾರಗಳನ್ನು ವಿವರಿಸುವಾಗ ವರ್ತಕಬುದ್ಧಿಯನ್ನು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದು ಆಶ್ಚರ್ಯ ತರುತ್ತದೆ. ಎರಡು ಮನೆಗಳ ನಡುವಿನ ಗೋಡೆ ಕೆಡವಿ ಒಂದೇ ಮನೆಯೆನ್ನುವುದು. ಹಲವು ಪಾತ್ರೆಗಳನ್ನು ಕರಗಿಸಿ ದೊಡ್ಡದೊಂದನ್ನು ಮಾಡಿ ಸಂಖ್ಯೆ ಹೆಚ್ಚಲಿಲ್ಲವೆನ್ನುವುದು. ವ್ರತದ ಅವಧಿ ಮುಗಿಯುವವರೆಗೆ ಧಾನ್ಯವನ್ನು ಮುಂಗಡ ಒಪ್ಪಂದದ ಮೇಲೆ ಇನ್ನೊಬ್ಬನ ಕಣಜದಲ್ಲಿಯೇ ಬಿಟ್ಟಿರುವುದು. ಬಂಗಾರವನ್ನು ಬಂಧುವಿನ ಕೈಯಲ್ಲಿ ಇಟ್ಟಿರುವುದು. ಗಬ್ಬದ ದನದ ಹೊಟ್ಟೆಯಲ್ಲಿರುವ ಕರುವನ್ನು ಎಣಿಸದಿರುವುದು. ಇವೆಲ್ಲ ವ್ರತವನ್ನು ಪೂರ್ತಿ ಮುರಿದಂತಲ್ಲ, ಆದರೆ ಕಲೆ. ಇಂದು ಜಾಗತಿಕ ಚರ್ಚೆಯಲ್ಲಿ, ಉತ್ಪನ್ನದ ಪ್ರತಿ ರೂಪಾಯಿಗೆ ತಗಲುವ ಇಂಧನ ಕಡಿಮೆಯಾದುದರಿಂದ ಬೆಳವಣಿಗೆಯೂ ಪರಿಸರಹಾನಿಯೂ ಬೇರ್ಪಟ್ಟಿವೆ ಎಂಬ ವಾದ ಪ್ರಬಲವಾಗಿದೆ. ಪಾತ್ರೆಗಳನ್ನು ಕರಗಿಸಿ ಒಂದಾಗಿಸಿದವನ ಲೆಕ್ಕವೂ ಇದೇ: ಎಣಿಕೆಯಲ್ಲಿ ವ್ಯತ್ಯಾಸವಿಲ್ಲ, ತೂಕದಲ್ಲಿ ಇದೆ. ಜೇಸನ್ ಹಿಕಲ್ ಅವರು 2020ರ ತಮ್ಮ ಪುಸ್ತಕದಲ್ಲಿ ಈ ವಾದವನ್ನು ಅಂಕಿಅಂಶಗಳಿಂದ ಖಂಡಿಸಿದ್ದಾರೆ. ಶ್ರೀಮಂತ ರಾಷ್ಟ್ರಗಳು ತಮ್ಮ ನೆಲದ ಗಣಿ, ಕಾರ್ಖಾನೆಗಳನ್ನು ಬಡ ರಾಷ್ಟ್ರಗಳಿಗೆ ಸಾಗಿಸಿ ತಮ್ಮ ಲೆಕ್ಕವನ್ನು ಶುಭ್ರವಾಗಿ ಇಟ್ಟುಕೊಳ್ಳುವುದು, ಬಂಗಾರವನ್ನು ಬಂಧುವಿನ ಕೈಯಲ್ಲಿ ಇಟ್ಟಿರುವ ಅತಿಚಾರವೇ.

ಇಲ್ಲಿಂದ ಚರ್ಚೆ ಬ್ರೂಸ್‌ಪೇಟೆಯ ಗದ್ದುಗೆಗಳತ್ತ ಬರುತ್ತದೆ. ಬಳ್ಳಾರಿಯ ಶ್ರಾವಕ ಕುಟುಂಬಗಳಲ್ಲಿ ಬಹುಪಾಲು ಬಟ್ಟೆ, ಬಂಗಾರ, ಕಿರಾಣಿ, ಹಾರ್ಡ್‌ವೇರ್, ಲೇವಾದೇವಿಯವು, ಗುದ್ದಲಿ ಹಿಡಿದವಲ್ಲ. ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಇದ್ದಿಲು ಸುಡುವುದು, ಕಾಡು ಕಡಿಯುವುದು, ಕೆರೆ ಬತ್ತಿಸುವುದರ ಜೊತೆಗೆ ನೆಲವನ್ನು ಅಗೆದು ಸೀಳುವ 'ಸ್ಫೋಟಕರ್ಮ'ವೂ ಸೇರಿದೆ. ಹದಿಮೂರನೆಯ ಶತಮಾನದ ದಿಗಂಬರ ಪಂಡಿತ ಆಶಾಧರರೂ ಈ ಖರಕರ್ಮಗಳನ್ನು ಪ್ರಸ್ತಾಪಿಸಿದ್ದಾರೆ. ಗಣಿಯನ್ನು ತಾನು ಅಗೆದಿಲ್ಲವೆಂದು ವರ್ತಕನು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಜೈನ ಕರ್ಮಸಿದ್ಧಾಂತ ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಎಣಿಸುತ್ತದೆ. ಅದಿರು ಲಾರಿಗೆ ಸಾಲ ಕೊಟ್ಟವನು, ಅದಿರಿನ ಹಣದಿಂದ ಕಟ್ಟಿದ ಬಂಗಲೆಗೆ ಸಾಮಾನು ಪೂರೈಸಿದವನು, ಆ ಕಾಲದ ಮದುವೆಗಳಿಗೆ ಬಂಗಾರ ಮಾರಿದವನು, ಗಣಿ ಕಂಪನಿಯ ಷೇರು ಕೊಂಡವನು ಇವರ ಪಾಲು ಸಮಾನವಲ್ಲ, ಶೂನ್ಯವೂ ಅಲ್ಲ. ವೃದ್ಧಿಸಂಕೋಚವಾದಿಗಳು ಇದನ್ನೇ 'ವ್ಯವಸ್ಥೆ' ಎಂಬ ಒಂದು ಪದದಲ್ಲಿ ಮುಗಿಸುತ್ತಾರೆ. ವ್ಯವಸ್ಥೆಯೆಂದಾಗ ಎಲ್ಲರೂ ಹೊಣೆಗಾರರು, ಆದುದರಿಂದ ಯಾರೂ ಅಲ್ಲ. ಮೂರು ಬಗೆಯ ಕರ್ತೃತ್ವವನ್ನು ತೂಗುವ ಹಳೆಯ ತಕ್ಕಡಿ ಹೆಚ್ಚು ಸೂಕ್ಷ್ಮವಾದುದು.

ಕೈಗಾರಿಕೆ ಚಿಕ್ಕದಾದರೆ ಸಾಕು ಎಂಬ ಭ್ರಮೆಗೂ ಬಳ್ಳಾರಿ ಎಡೆಗೊಡುವುದಿಲ್ಲ. ನಗರದ ಜೀನ್ಸ್ ಹೊಲಿಗೆ ಉದ್ಯಮ ಮನೆಮನೆಗಳಲ್ಲಿ ಹಬ್ಬಿದ, ಬಹು ಜನರಿಗೆ ಅನ್ನ ಕೊಟ್ಟ, ಸ್ಥಳೀಯ ಕೌಶಲದ ಮೇಲೆ ನಿಂತ ಉದ್ಯಮ. ಲಾತೂಷರಿಗೂ ಗೀಲ್ಸರಿಗೂ ಅದು ಏಕಕಾಲಕ್ಕೆ ಮೆಚ್ಚುಗೆಯಾಗಬಹುದು. ಆದರೆ ಹೊಲಿದ ಬಟ್ಟೆಯನ್ನು ತೊಳೆದು ಬಣ್ಣ ಮಾಸಿಸುವ ಘಟಕಗಳು ಬೇಡುವ ನೀರು, ಹೊರಬಿಡುವ ನೀಲಿ ನೀರು ಇವುಗಳ ತಕರಾರು ನಗರಕ್ಕೆ ಹೊಸದಲ್ಲ. ಹೊಸ ಬಟ್ಟೆಯನ್ನು ಹಳೆಯದಾಗಿ ಕಾಣುವಂತೆ ಮಾಡಲು ನೀರು ಸುರಿಯುವ ಈ ಫ್ಯಾಷನ್ ಅನರ್ಥದಂಡಕ್ಕೆ, ಅಂದರೆ ಪ್ರಯೋಜನವಿಲ್ಲದ ಹಿಂಸೆಗೆ, ಆಚಾರ್ಯರಿಗೆ ಹೊಳೆಯದಿದ್ದ ಉದಾಹರಣೆ.

ಎರಡು ಪಶ್ಚಿಮ ಸಿದ್ಧಾಂತಗಳನ್ನು ಜೋಡಿಸುವ ಕೊಂಡಿ ಜೈನಾಚಾರದಲ್ಲಿ ಎಲ್ಲಿಯಾದರೂ ಇದ್ದರೆ ಅದು ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿದೆ. ದರ್ಶನದಿಂದ ಆರಂಭ, ಅನಂತರ ವ್ರತ, ಸಾಮಾಯಿಕ, ಪ್ರೋಷಧ, ಮುಂದೆ ಆಹಾರ ಮತ್ತು ಕಾಮಗಳ ನಿಯಮನ, ಎಂಟನೆಯದು ಆರಂಭತ್ಯಾಗ, ಒಂಬತ್ತನೆಯದು ಪರಿಗ್ರಹತ್ಯಾಗ, ಹತ್ತನೆಯದು ಅನುಮತಿತ್ಯಾಗ, ಕೊನೆಯದು ಉದ್ದಿಷ್ಟತ್ಯಾಗ. ದಿಗಂಬರ ಶ್ರಾವಕಾಚಾರಗಳಲ್ಲಿ ಪ್ರಸಿದ್ಧವಾದ ಈ ಕ್ರಮದಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ. ಮೇಲಿನ ಮೆಟ್ಟಿಲೇರಿದವನು ಕೆಳಗಿನದನ್ನು ಬಿಡುವಂತಿಲ್ಲ. ಗೀಲ್ಸರ ಕಥೆಯಂತೆ ಒಂದು ಬಂದು ಇನ್ನೊಂದು ಹೋಗುವುದಲ್ಲ. ಎರಡನೆಯದಾಗಿ, ಸ್ವತ್ತನ್ನು ಬಿಡುವ ಮೊದಲು ಹಿಂಸೆಯ ಉದ್ಯಮವನ್ನು ಬಿಡಬೇಕು. ಎಲ್ಲಿಂದ ಬಂದಿತೆಂದು ಕೇಳದೆ ದಾನಕ್ಕೆ ಮುಂದಾಗುವ ಧನಿಕನು ಈ ಕ್ರಮವನ್ನು ತಲೆಕೆಳಗು ಮಾಡುತ್ತಾನೆ. ಮೂರನೆಯದಾಗಿ, ಸ್ವತ್ತನ್ನು ಬಿಟ್ಟಮೇಲೂ ಇನ್ನೊಂದು ಉಳಿದಿರುತ್ತದೆ: ಇತರರ ಆರಂಭಗಳಿಗೆ ಸಲಹೆ, ಸಮ್ಮತಿ ಕೊಡುವ ಅಧಿಕಾರ. ಅದನ್ನು ಬಿಡುವುದು ಅತಿ ಕಷ್ಟವೆಂದೇ ಅದು ಹತ್ತನೆಯದು. 'ಎಷ್ಟು' ಮತ್ತು 'ಹೇಗೆ' ಎರಡೂ ಇಲ್ಲಿ ಒಂದೇ ಏಣಿಯ ಮೇಲಿವೆ.

ಆದರೆ ಈ ಏಣಿಯನ್ನು ಆರ್ಥಿಕ ನೀತಿಯೆಂದು ಮಾರಲು ಹೊರಡುವವರು ಒಂದು ತೊಡಕನ್ನು ಕಡೆಗಣಿಸುತ್ತಾರೆ. ಏಣಿಯ ಕೊನೆ ಗೃಹತ್ಯಾಗ. ವ್ಯಕ್ತಿ ದೀಕ್ಷೆ ತೆಗೆದುಕೊಳ್ಳಬಹುದು, ಊರು ತೆಗೆದುಕೊಳ್ಳಲಾರದು. ತ್ಯಾಗಿಗೆ ಆಹಾರ ನೀಡುವ ಗೃಹಸ್ಥನು ಇದ್ದೇ ಇರಬೇಕೆಂಬುದು ಆ ವ್ಯವಸ್ಥೆಯ ಅಡಿಪಾಯ. 1949ರಲ್ಲಿ ಆಚಾರ್ಯ ತುಲಸಿಯವರು ಆರಂಭಿಸಿದ ಅಣುವ್ರತ ಆಂದೋಲನ ಈ ತೊಡಕನ್ನು ಬಿಡಿಸಲು ನಡೆದ ಗಂಭೀರ ಪ್ರಯತ್ನ. ಮತಭೇದವಿಲ್ಲದೆ ಯಾರು ಬೇಕಾದರೂ ಸ್ವೀಕರಿಸಬಹುದಾದ ಸಣ್ಣ ವ್ರತಗಳನ್ನು ಅದು ಸಾಮಾಜಿಕಗೊಳಿಸಿತು. ಆದರೂ ಅದರ ಘಟಕ ವ್ಯಕ್ತಿಯೇ ಆಗಿ ಉಳಿಯಿತು. ಗಣಿ, ಅಣೆಕಟ್ಟು, ಕಾರ್ಖಾನೆಗಳ ಪರಿಮಾಣ ವ್ಯಕ್ತಿಯ ಪ್ರತಿಜ್ಞೆಗೆ ಸಿಕ್ಕುವಂಥದಲ್ಲ; ಅದಕ್ಕೆ ಕಾನೂನು ಬೇಕು, ಹೋರಾಟ ಬೇಕು. ಬಳ್ಳಾರಿಯಲ್ಲಿ ಗೆರೆ ಎಳೆಸಿದ್ದು ನಾಗರಿಕರ ಅರ್ಜಿ, ಲೋಕಾಯುಕ್ತರ ವರದಿ, ನ್ಯಾಯಾಲಯದ ಆದೇಶ. ಅಹಿಂಸೆಯನ್ನು ಕುಲಧರ್ಮವಾಗಿ ಪಡೆದ ಸಮಾಜ ಆ ಹೋರಾಟದಲ್ಲಿ ಸಂಸ್ಥೆಯಾಗಿ ಎದ್ದು ಕಾಣಲಿಲ್ಲವೆಂಬುದನ್ನು ಹೇಳದೆ ಬಿಡುವುದು ಸತ್ಯವ್ರತಕ್ಕೆ ಒಪ್ಪುವ ಮಾತಲ್ಲ.

ಬಡವರ ಪ್ರಶ್ನೆಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಉಮಾಸ್ವಾಮಿಗಳು ಪರಿಗ್ರಹವನ್ನು ಮೂರ್ಛೆಯೆಂದು, ಅಂದರೆ ಮೋಹವೆಂದು, ಲಕ್ಷಣೀಕರಿಸಿದ್ದರಿಂದ, ಏನೂ ಇಲ್ಲದವನೂ ಆಸೆಪಟ್ಟರೆ ಪರಿಗ್ರಹಿಯೆಂದು ವ್ಯಾಖ್ಯಾನಗಳು ಹೇಳುತ್ತವೆ. ಆತ್ಮಶೋಧನೆಗೆ ಅದು ಸತ್ಯ. ಸಿರುಗುಪ್ಪದ ಗದ್ದೆಯಲ್ಲಿ ನಾಟಿ ಮಾಡುವ ಕೂಲಿ ಹೆಂಗಸಿಗೆ ಅದನ್ನು ಬೋಧಿಸುವುದು ಕ್ರೌರ್ಯ. ಅವಳ ಮನೆಗೆ ಪಕ್ಕಾ ಸೂರು, ಶೌಚಾಲಯ, ಮಗಳ ಓದು ಬರಬೇಕಾದರೆ ಅಲ್ಲಿ ವೃದ್ಧಿಯೇ ಆಗಬೇಕು. ಸಂಕೋಚ ಮೇಲಿದ್ದವರಿಗೆ ಅನ್ವಯಿಸುವುದೆಂದು ವೃದ್ಧಿಸಂಕೋಚದ ಉತ್ತಮ ಲೇಖಕರು ಸ್ಪಷ್ಟವಾಗಿ ಹೇಳುತ್ತಾರೆ. ತುಂಗಭದ್ರೆಯ ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಅದು 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ ಹತ್ತೊಂಬತ್ತನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆಯ ಕೊನೆಯ ಭಾಗದ ರೈತರ ಎದೆ ನಡುಗಿತು. ಸಿರುಗುಪ್ಪ, ಕುರುಗೋಡುಗಳ ಭತ್ತದ ಗದ್ದೆಗಳಿಗೆ ನೀರಿನ ಸಂಕೋಚ ಯಾರ ಸಿದ್ಧಾಂತಕ್ಕೂ ಕಾಯದೆ ಬಂದಿದೆ. ಇದ್ದ ನೀರನ್ನು ಎರಡು ಬೆಳೆ ಭತ್ತಕ್ಕೆ ಹರಿಸಬೇಕೆ, ಕೊನೆಯ ಹೊಲದವನಿಗೆ ಒಂದು ಬೆಳೆಯಾದರೂ ದಕ್ಕುವಂತೆ ಹಂಚಬೇಕೆ ಎಂಬ ಜಗಳದಲ್ಲಿ, ಪರಿಮಾಣವೆಂಬುದು ಮೋಕ್ಷಮಾರ್ಗದ ವಿಷಯವಾಗುವ ಮೊದಲು ನೆರೆಹೊರೆಯ ನ್ಯಾಯದ ವಿಷಯವಾಗುತ್ತದೆ.

ಕೊನೆಯದಾಗಿ ದೇವಾಲಯ ಟ್ರಸ್ಟುಗಳ ಮಾತು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕಾಗಿ ಅದಿರಿನ ಮಾರಾಟದಿಂದಲೇ ಒಂದು ಪಾಲನ್ನು ತೆಗೆದಿರಿಸಲಾಗಿದೆ. ಆ ನಿಧಿ ಇಂದು ಸಾವಿರಾರು ಕೋಟಿ ರೂಪಾಯಿಗಳಷ್ಟಾಗಿದ್ದು, ಅದರ ವಿನಿಯೋಗಕ್ಕೆಂದು ರಾಜ್ಯದಲ್ಲಿ ಪ್ರತ್ಯೇಕ ನಿಗಮವಿದೆ. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಹೆಚ್ಚು ಅಗೆದಷ್ಟೂ ಗಾಯಕ್ಕೆ ಹಚ್ಚುವ ಮುಲಾಮಿನ ಹಣ ಹೆಚ್ಚುತ್ತದೆಂಬ ವಿಪರ್ಯಾಸ ಅದರ ರಚನೆಯಲ್ಲಿಯೇ ಇದೆ. ಟ್ರಸ್ಟುಗಳ ದಾನಪೆಟ್ಟಿಗೆಯೂ ಇದೇ ವಿಪರ್ಯಾಸದಿಂದ ಮುಕ್ತವಲ್ಲ. ಸ್ವಪ್ನದರ್ಶನದ ಬೋಲಿಯಾಗಲಿ ಪ್ರತಿಷ್ಠೆಯ ಚಢಾವಾಗಲಿ ಕೂಗುವಾಗ ಮೊತ್ತ ಎಷ್ಟು ಏರಿತೆಂದು ಎಲ್ಲರೂ ಕೇಳುತ್ತಾರೆ. ಮಾರ್ಗಾನುಸಾರಿಯ ಮೂವತ್ತೈದು ಗುಣಗಳಲ್ಲಿ ಹೇಮಚಂದ್ರರು ಮೊದಲನೆಯದಾಗಿ ಇಟ್ಟಿದ್ದು ನ್ಯಾಯಸಂಪನ್ನವಾದ ವಿಭವವನ್ನು. ಆಶಾಧರರು ಸಾಗಾರನ ಲಕ್ಷಣಗಳನ್ನು ಹೇಳಹೊರಟಾಗಲೂ ನ್ಯಾಯದಿಂದ ಗಳಿಸಿದ ಧನವೇ ಮುಂದೆ ನಿಂತಿತು. ಇಬ್ಬರೂ ಬೇರೆ ಬೇರೆ ಸಂಪ್ರದಾಯದವರು. ಈ ಒಂದರಲ್ಲಿ ಭೇದವಿಲ್ಲ. ಟ್ರಸ್ಟು ತನ್ನ ನಿಧಿಯ ಠೇವಣಿ ಎಲ್ಲಿದೆ, ಯಾವ ಉದ್ಯಮದ ಷೇರಿನಲ್ಲಿದೆ, ಹೊಸ ಭವನದ ಚದರಡಿ ಎಷ್ಟಕ್ಕೆ ನಿಲ್ಲಬೇಕು ಎಂಬುದನ್ನು ಪ್ರತಿ ಚಾತುರ್ಮಾಸದ ಆರಂಭದಲ್ಲಿ ಸಂಘದ ಮುಂದೆ ಓದಿ ಹೇಳಿ, ಹಿಂದಿನ ವರ್ಷದ ಗೆರೆಯೊಳಗೇ ಈ ವರ್ಷದ ಗೆರೆಯನ್ನು ಎಳೆಯಲು ಯಾವ ಕಾನೂನಿನ ಅಡ್ಡಿಯೂ ಇಲ್ಲ; ಅದಕ್ಕೆ ನೆದರ್‌ಲ್ಯಾಂಡ್ಸಿನ ಸಿದ್ಧಾಂತವೂ ಬೇಕಿಲ್ಲ, ವ್ರತವಿಧಿಯ ಪುಸ್ತಕ ಪ್ರತಿ ಉಪಾಶ್ರಯದ ಕಪಾಟಿನಲ್ಲಿದೆ.